ರಿವಾಲ್ವರಿಗೆ ಇರುವೆ ಹತ್ತಿದ್ದು

ಕೊಂಡ ವಸ್ತು ಕೆಟ್ಟಾಗ ಮನುಷ್ಯನ ನಿಜವಾದ ಜಾತಿ ಗೊತ್ತಾಗುತ್ತದೆ ಎಂಬುದು ನನ್ನ ಅನುಭವ. ಕೆಲವರು ಮರುದಿನ ಬೆಳಿಗ್ಗೆಯೇ ಅದನ್ನು ಕೈಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋಗುತ್ತಾರೆ. ಗಲ್ಲೆಯ ಮುಂದೆ ಇಟ್ಟು ‘ಏನ್ರಿ ಇದು?’ ಎಂದು ಗದರಿ, ಹೊಸದನ್ನು ತೆಗೆದುಕೊಂಡು, ಅಂಗಡಿಯವನ ಖರ್ಚಿನಲ್ಲೇ ಚಹಾ ಕುಡಿದು ಬರುತ್ತಾರೆ. ನನ್ನ ಹೆಂಡತಿ ನೀಲಾ ಈ ಜಾತಿಯವಳು. ಇನ್ನು ಕೆಲವರಿಗೆ ಅಂಗಡಿಯವನ ಮುಖ ನೆನೆದರೇ ಬೆವರು ಬರುತ್ತದೆ. ಅವನು ‘ನೀವೇ ಏನೋ ಮಾಡಿದ್ದೀರಿ’ ಅಂದುಬಿಟ್ಟರೆ? ಪಕ್ಕದ ಗಿರಾಕಿಗಳು ತಿರುಗಿ ನೋಡಿದರೆ? ಆ ಅವಮಾನಕ್ಕಿಂತ ಮನೆಯಲ್ಲೇ ಬಿಚ್ಚಿ ನೋಡುವುದು ವಾಸಿ ಎಂದು ಸ್ಕ್ರೂಡ್ರೈವರ್ ಹಿಡಿದು ಕೂರುತ್ತಾರೆ. ಇವರು ವಸ್ತುವನ್ನು ವಾಪಸ್ ಕೊಡುವುದಿಲ್ಲ, ರಿಪೇರಿಯೂ ಮಾಡುವುದಿಲ್ಲ. ಬಿಚ್ಚುತ್ತಾರೆ, ಅಷ್ಟೇ. ನಾನು ಈ ಎರಡನೆಯವರ ಪೈಕಿ.

ನಮ್ಮ ಮನೆಯ ಮಿಕ್ಸರಿನ ಕತೆ ನಮ್ಮ ಓಣಿಗೆಲ್ಲ ಗೊತ್ತು. ಅದು ಗರ್ ಎಂದು ಸದ್ದು ಮಾಡತೊಡಗಿದಾಗ ನೀಲಾ ಅಂಗಡಿಗೆ ಕೊಟ್ಟು ಬರಲು ಹೇಳಿದಳು. ನಾನು ಬಿಚ್ಚಿ, ಒರೆಸಿ, ಊದಿ, ಮತ್ತೆ ಜೋಡಿಸಿದೆ. ಜೋಡಿಸಿದ ಮೇಲೆ ಕೆಲವು ಸ್ಕ್ರೂ ಉಳಿದವು. ಕಂಪನಿಯವರು ಹೆಚ್ಚುವರಿಯಾಗಿ ಹಾಕಿದ್ದಾರೆ, ಪಾಪ, ಎಂದುಕೊಂಡು ಸುಮ್ಮನಾದೆ. ಅವತ್ತು ಶೇಂಗಾ ಚಟ್ನಿ ಮಿಕ್ಸರಿನ ಜಾರಿನಿಂದ ನೇರ ಚಾವಣಿಗೆ ಹೋಯಿತು. ಆ ಕಲೆ ಇವತ್ತಿಗೂ ಅಲ್ಲಿದೆ. ಚಿತ್ತವಾಡ್ಗಿಯಿಂದ ಬಂದಿದ್ದ ನೆಂಟರೊಬ್ಬರು ಅದನ್ನು ನೋಡಿ, ಮನೆ ಸೋರುತ್ತಿದೆ ಎಂದು ತಿಳಿದು, ತಮಗೆ ಗೊತ್ತಿದ್ದ ಗಾರೆಯವನ ನಂಬರು ಕೊಟ್ಟು ಹೋದರು. ಉಳಿದ ಸ್ಕ್ರೂಗಳನ್ನು ನೀಲಾ ಒಂದು ಗಾಜಿನ ಶೀಷೆಯಲ್ಲಿ ಹಾಕಿ ಅಡುಗೆಮನೆಯ ಗೂಡಿನಲ್ಲಿ ಇಟ್ಟಿದ್ದಾಳೆ. ನನಗೆ ಬುದ್ಧಿ ಹೇಳಬೇಕಾದಾಗ ಮಾತಾಡುವುದಿಲ್ಲ, ಆ ಶೀಷೆಯನ್ನು ಒಮ್ಮೆ ಅಲುಗಾಡಿಸುತ್ತಾಳೆ.

ಇಂಥ ನನ್ನ ಮನೆಯಲ್ಲಿ ಕಳೆದ ಮಹಾನವಮಿ ಹಬ್ಬದಲ್ಲಿ ಕೆಟ್ಟದ್ದು ಮಿಕ್ಸರಲ್ಲ, ರಿವಾಲ್ವರು.

ಹೆದರಬೇಡಿ. ನಾನು ಅಂಥ ಮನುಷ್ಯನಲ್ಲ. ಕಂಪ್ಲಿಯಲ್ಲಿ ನನ್ನದೊಂದು ರೈಸ್ ಮಿಲ್ಲಿದೆ. ಹಿಂದೆ ಭತ್ತದ ಸುಗ್ಗಿಯಲ್ಲಿ ಹೊಸಪೇಟೆಯ ಬ್ಯಾಂಕಿನಿಂದ ನೋಟಿನ ಚೀಲ ಹೊತ್ತು, ಕಮಲಾಪುರ ದಾಟಿ, ಕತ್ತಲಾಗುವ ಮೊದಲು ಊರು ಸೇರಬೇಕಾಗಿತ್ತು. ಎದೆ ಡವಡವ ಎನ್ನುತ್ತಿದ್ದ ಆ ಕಾಲದಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಿದ್ದೆ. ಅರ್ಜಿ ಕಚೇರಿಯಿಂದ ಕಚೇರಿಗೆ ಊರು ನೋಡಿಕೊಂಡು ಬರುವಷ್ಟರಲ್ಲಿ ಲೋಕವೇ ಬದಲಾಯಿತು. ಭತ್ತ ತೂಗಿದ ರೈತನಿಗೆ ನಾನು ಮೊಬೈಲಿನಲ್ಲೇ ದುಡ್ಡು ಹಾಕುತ್ತೇನೆ. ನನ್ನ ಗಲ್ಲೆಯಲ್ಲಿ ಕದಿಯಲು ಉಳಿದಿರುವುದು ಯಾರೂ ತೆಗೆದುಕೊಳ್ಳದ ಹರಿದ ನೋಟುಗಳು, ಊದುಬತ್ತಿಯ ಪೊಟ್ಟಣ. ಆದರೂ ಲೈಸೆನ್ಸು ಬಂದೇ ಬಂತು. ಎಮ್ಮಿಗನೂರಿನಲ್ಲಿ ಕಬ್ಬು ಬೆಳೆಯುವ ನನ್ನ ಗೆಳೆಯ ಪಂಪಾಪತಿ, ‘ಲೈಸೆನ್ಸ್ ಸಿಕ್ಕಮ್ಯಾಲೂ ತಗೊಳ್ಳಿಲ್ಲಂದ್ರ ಮಂದಿ ಏನಂತಾರಲೇ? ಸಾಹುಕಾರ ಅಂಜಿದ ಅಂತಾರ’ ಎಂದ. ನಾನು ನಿಜವಾಗಿಯೂ ಅಂಜುವವನು. ದೀಪಾವಳಿಯಲ್ಲಿ ಸುರುಸುರುಬತ್ತಿಯನ್ನು ಕೂಡ ತೋಳು ಚಾಚಿ, ಮುಖ ಆ ಕಡೆ ತಿರುಗಿಸಿ ಹಚ್ಚುತ್ತೇನೆ. ಆದರೆ ಅಂಜುವವನಿಗೆ ಎಲ್ಲಕ್ಕಿಂತ ಹೆಚ್ಚಿನ ಅಂಜಿಕೆ ಅದು ಮಂದಿಗೆ ಗೊತ್ತಾದೀತೆಂಬುದು. ಹೋಗಿ ಹೊಸಪೇಟೆಯ ಅಂಗಡಿಯಲ್ಲಿ ಒಂದು ರಿವಾಲ್ವರು ಕೊಂಡು ತಂದೆ. ತಂದದ್ದು ನೇರ ಅಲಮಾರಿಯ ಲಾಕರಿಗೆ ಹೋಯಿತು. ಅದನ್ನು ಹೊರಗೆ ತೆಗೆಯುವುದು ಆಯುಧಪೂಜೆಗೆ ಮಾತ್ರ ಎಂದು ಅವತ್ತೇ ತೀರ್ಮಾನವಾಯಿತು.

ಈ ಆಯುಧಪೂಜೆಯ ವಿಷಯದಲ್ಲಿ ನಮ್ಮ ಮನೆಯ ಯಜಮಾನಿಕೆ ನಮ್ಮವ್ವನದು. ಮಿಲ್ಲಿನ ತಕ್ಕಡಿ, ಹಾರೆ, ಕುಡಗೋಲು, ಕಾರು, ಎಲ್ಲವೂ ಅವಳ ಮುಂದೆ ಸಾಲಾಗಿ ಹಾಜರಾಗಬೇಕು. ದೇವರ ಮುಂದೆ ಯಾವುದನ್ನೂ ಬರಿದಾಗಿ ಇಡಬಾರದು ಎಂಬುದು ಅವಳ ಕಾನೂನು. ಮೊರ ಇಟ್ಟರೆ ಅದರಲ್ಲಿ ಹಿಡಿ ಅಕ್ಕಿ, ತಕ್ಕಡಿಯ ತಟ್ಟೆಯಲ್ಲಿ ಬೆಲ್ಲದ ಚೂರು. ಕಾರಿಗೂ ಹಿಂದಿನ ದಿನ ಪೆಟ್ರೋಲು ಹಾಕಿಸಿರಬೇಕು. ಹೊಸದಾಗಿ ಬಂದ ರಿವಾಲ್ವರನ್ನು ಮಣೆಯ ಮೇಲೆ ಇಟ್ಟಾಗ ಅವಳು ಕೇಳಿದ ಮೊದಲ ಪ್ರಶ್ನೆಯೇ ಅದು.

‘ಇದರಾಗ ಏನೈತಿ?’

‘ಏನಿಲ್ಲ ಯವ್ವ, ಖಾಲಿ ಐತಿ.’

‘ಖಾಲಿ ಇಟ್ಟು ಪೂಜಿ ಮಾಡಿದ್ರ ವರ್ಷಪೂರ್ತಿ ಖಾಲೀನ ಇರ್ತೈತಿ. ಒಂದರ ಹಾಕು.’

ರಿವಾಲ್ವರು ವರ್ಷಪೂರ್ತಿ ಖಾಲಿ ಇರಲೆಂದೇ ನನ್ನ ಆಸೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ನಮ್ಮವ್ವನ ಎದುರು ನನ್ನ ವಾದಗಳೆಲ್ಲ ಗಂಟಲಲ್ಲೇ ಕೂತುಬಿಡುತ್ತವೆ. ಒಂದು ಗುಂಡು ಹಾಕಿ, ನೀಲಾಗೆ ಅದನ್ನು ಮುಟ್ಟದಂತೆ ಹೇಳಿ, ಒಡೆಯಲು ಬೂದುಗುಂಬಳ ತರಲು ಹೋದೆ. ತಿರುಗಿ ಬರುವಷ್ಟರಲ್ಲಿ ರಿವಾಲ್ವರಿನ ಮೈಮೇಲೆ ವಿಭೂತಿಯ ಮೂರು ಗೆರೆ, ಕುಂಕುಮ, ತಲೆಗೆ ಒಂದು ಚೆಂಡುಹೂ. ಮೈ ಫಳಫಳ ಹೊಳೆಯುತ್ತಿತ್ತು. ಹೊಸ ಮಾಲು, ಹೊಳೆಯುತ್ತದೆ ಎಂದುಕೊಂಡೆ. ಆಮೇಲೆ ಮಿಲ್ಲಿನವರಿಗೆಲ್ಲ ಊಟ, ಮರುದಿನ ಬನ್ನಿ ಕೊಡುವವರು, ತೆಗೆದುಕೊಳ್ಳುವವರು, ಹೋಳಿಗೆ, ನಿದ್ದೆ. ಈ ನಡುವೆ ಯಾವಾಗಲೋ ಅದನ್ನು ಒರೆಸಿ ಲಾಕರಿಗೆ ಇಟ್ಟೆ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ನೆನಪಾಯಿತು. ಒಳಗೆ ಗುಂಡಿದೆ! ಬಾಯಿ ಮುಕ್ಕಳಿಸದೆಯೇ ಓಡಿಹೋಗಿ ಲಾಕರ್ ತೆಗೆದೆ. ಗುಂಡು ಹಾಕುವ ಗಾಲಿಯನ್ನು ಹೊರಗೆ ಸರಿಸಲು ನೋಡಿದೆ. ಬರಲಿಲ್ಲ. ತಿರುಗಿಸಲು ನೋಡಿದೆ. ತಿರುಗಲಿಲ್ಲ. ಗುಂಡು ಒಳಗೆ, ಬಾಗಿಲು ಬಂದ್. ಅದನ್ನು ಇದ್ದ ಹಾಗೆಯೇ, ಮಲಗಿದ ಕೂಸನ್ನು ಇಡುವಂತೆ ಮೆಲ್ಲಗೆ ಇಟ್ಟು, ಕೀಲಿ ಹಾಕಿ, ಹಾಸಿಗೆಯ ಮೇಲೆ ಕೂತೆ.

ನನ್ನ ಜನ್ಮದಲ್ಲೇ ಮೊದಲ ಬಾರಿಗೆ ಒಂದು ಅಂಗಡಿಯವನ ಮೇಲೆ ಸಿಟ್ಟು ಮಾಡಿದ್ದು ಆಗ. ಎದುರು ನಿಂತು ಆಗದ್ದು ಫೋನಿನಲ್ಲಿ ಸ್ವಲ್ಪ ಸಲೀಸು. ‘ಏನ್ರಿ, ಎಂಥ ಮಾಲ್ ಕೊಟ್ಟೀರಿ ನೀವು? ಬಿಗಿದು ಕುಂತೈತಲ್ರಿ!’ ಎಂದೆ. ಅವನು ಸ್ವಲ್ಪವೂ ಗಾಬರಿಯಾಗಲಿಲ್ಲ.

‘ಹೌದಾ? ಹಬ್ಬ ಜೋರಾತೇನ್ರಿ ಸಾಹುಕಾರ್ರೆ?’

‘ಹಬ್ಬದ ಮಾತು ಬಿಡ್ರಿ. ಮಾಲಿನ ಮಾತಾಡ್ರಿ.’

‘ತಗೊಂಡ್ ಬರ್ರಿ, ನೋಡೋಣ. ನೀವ ಏನೂ ಮಾಡಾಕ ಹೋಗಬ್ಯಾಡ್ರಿ.’

ನನ್ನ ಮನೆ ಹೊತ್ತಿ ಉರಿಯುತ್ತಿರುವಾಗ ಹಬ್ಬದ ಕುಶಲ ಕೇಳುತ್ತಾನಲ್ಲ ಎಂದು ಮೈ ಉರಿಯಿತು. ಒಳಗೆ ಗುಂಡಿರುವ ವಿಷಯ ಅವನಿಗೆ ಹೇಳಲಿಲ್ಲ. ಹೇಳಿದರೆ ಯಾಕೆ ಹಾಕಿದಿರಿ ಎಂದು ಕೇಳುತ್ತಾನೆ. ಅವ್ವ ಹೇಳಿದಳು ಅನ್ನಲೇ, ಇಷ್ಟು ವಯಸ್ಸಾದವನು?

ಸುದ್ದಿ ಸಂಜೆಯೊಳಗೆ ಸಂಡೂರಿಗೆ ಮುಟ್ಟಿತು. ಅಲ್ಲಿ ನಮ್ಮ ಮಗಳು ರೂಪಾ ಇದ್ದಾಳೆ, ಅಳಿಯನಿಗೆ ಗಣಿಯಲ್ಲಿ ಕೆಲಸ. ದೀಪಾವಳಿಗೆ ಮೊಮ್ಮಗಳು ಚಿನ್ನಿಯನ್ನು ಕರೆದುಕೊಂಡು ಬರುವವಳಿದ್ದಳು. ಈ ಚಿನ್ನಿ ಈಗಷ್ಟೇ ನಡೆಯಲು ಕಲಿತಿದೆ. ನಮ್ಮ ಮನೆಗೆ ಬಂದರೆ ಅದರ ಕೆಲಸವೆಂದರೆ ಕಂಡ ಬಾಗಿಲು ಎಳೆಯುವುದು, ಒಳಗಿದ್ದುದನ್ನು ಹೊರಗೆ ಹಾಕುವುದು. ಅಲಮಾರಿ ಅದಕ್ಕೆ ಭಾಳ ಪ್ರೀತಿ. ರೂಪಾ ಫೋನಿನಲ್ಲಿ ಅಳಲಿಲ್ಲ, ಕೂಗಾಡಲಿಲ್ಲ. ‘ಅಪ್ಪಾ, ಅದು ಮನ್ಯಾಗ ಇರೋತನಕ ನಾವು ಬರಂಗಿಲ್ಲ’ ಎಂದಳು. ‘ಕೀಲಿ ಹಾಕೀನಮ್ಮ’ ಎಂದೆ. ‘ಕೀಲಿ ಎಲ್ಲಿಟ್ಟೀರಿ ಅನ್ನೋದು ನಿಮಗಿಂತ ಚಿನ್ನಿಗೆ ಚೊಲೋ ಗೊತ್ತು’ ಎಂದಳು. ಅದು ಸತ್ಯ. ನನಗೆ ನಿಜವಾದ ಸಂಕಟ ಶುರುವಾದದ್ದು ಆಗ. ಕೂಸಿನ ಮುಖ ನೋಡಿ ತಿಂಗಳುಗಳಾಗಿದ್ದವು. ಮಾಲು ವಾಪಸ್ ಕೊಡುವುದೋ, ನಾನೇ ರಿಪೇರಿ ಮಾಡುವುದೋ, ದೀಪಾವಳಿಯೊಳಗೆ ತೀರ್ಮಾನವಾಗಲೇಬೇಕಿತ್ತು.

ನನ್ನ ಸ್ವಭಾವಕ್ಕೆ ತಕ್ಕಂತೆ ಮೊದಲು ರಿಪೇರಿಯ ಯೋಚನೆಯೇ ಬಂತು. ಅಕ್ಕಿ ಪಾಲಿಶ್ ಮಾಡುವ ದೊಡ್ಡ ಯಂತ್ರದ ಮಗ್ಗುಲಲ್ಲಿ ಬೆಳೆದವನು ನಾನು, ಇಷ್ಟು ಸಣ್ಣದೊಂದು ಸಾಮಾನಿಗೆ ಸೋಲುವುದೇ? ಮಿಲ್ಲಿನ ಎಣ್ಣೆ ಡಬ್ಬಿ, ಸ್ಕ್ರೂಡ್ರೈವರ್, ಹಳೆಯ ಪೇಪರು, ಎಲ್ಲ ಹೊಂದಿಸಿಕೊಂಡು ಮಧ್ಯಾಹ್ನ ಕೋಣೆಯಲ್ಲಿ ಕೂತೆ. ಲಾಕರಿನ ಕೀಲಿ ತಿರುಗಿಸುವಷ್ಟರಲ್ಲಿ ನೀಲಾ ಬಂದಳು. ಕೈಯಲ್ಲಿ ಆ ಶೀಷೆ. ಅದನ್ನು ಪೇಪರಿನ ಮೇಲೆ, ಸ್ಕ್ರೂಡ್ರೈವರಿನ ಪಕ್ಕದಲ್ಲಿ ಇಟ್ಟಳು.

‘ಮಿಕ್ಸರ್ ಚಟ್ನಿ ಹಾರಿಸ್ತು. ಇದು ಏನು ಹಾರಿಸ್ತೈತಿ ಅಂತ ವಿಚಾರ ಮಾಡಿ ಕೈ ಹಚ್ರಿ.’

ಚಾವಣಿಯ ಕಲೆ ನೆನಪಾಯಿತು. ಎಣ್ಣೆ ಡಬ್ಬಿ ಮಿಲ್ಲಿಗೆ ವಾಪಸ್ ಹೋಯಿತು.

ಅಂದಮೇಲೆ ಉಳಿದದ್ದು ಅಂಗಡಿ. ಪಂಪಾಪತಿಯನ್ನು ಜೊತೆಗೆ ಕರೆದೆ. ಗುಂಡು ತುಂಬಿ ಬಿಗಿದು ಕೂತ ರಿವಾಲ್ವರನ್ನು ಕಾರಿನಲ್ಲಿ ಹೇಗೆ ಒಯ್ಯುವುದು? ರೈಸ್ ಮಿಲ್ಲಿನವನಿಗೆ ಹೊಳೆಯುವುದು ಒಂದೇ ಉಪಾಯ. ದೊಡ್ಡದೊಂದು ಸ್ಟೀಲ್ ಡಬ್ಬಿ ತೆಗೆದುಕೊಂಡು, ತಳಕ್ಕೆ ಅಕ್ಕಿ ಹಾಕಿ, ರಿವಾಲ್ವರು ಮಲಗಿಸಿ, ಮೇಲೆ ಮತ್ತೆ ಅಕ್ಕಿ ಸುರಿದೆ. ಸೋನಾ ಮಸೂರಿ, ಹಳೆಯ ಅಕ್ಕಿ, ಕೊರತೆ ಏನಿಲ್ಲ. ಆದರೆ ಡಬ್ಬಿಯನ್ನು ಯಾವ ಕಡೆಗೆ ಮುಖಮಾಡಿ ಇಡಬೇಕೆಂಬುದೇ ದೊಡ್ಡ ಚರ್ಚೆಯಾಯಿತು. ಮುಂದಕ್ಕೆ ತಿರುಗಿಸಿದರೆ ನಾನು. ಹಿಂದಕ್ಕೆ ತಿರುಗಿಸಿದರೆ ಹಿಂದಿನ ಸೀಟಿನ ಪಂಪಾಪತಿ. ಬಲಕ್ಕೆ ಇಟ್ಟರೆ ಹೊಳೆಯಾಚೆ ಆಂಜನೇಯನ ಬೆಟ್ಟ, ಓರೆಯಾಗಿ ಇಟ್ಟರೆ ಹಂಪಿಯ ವಿರೂಪಾಕ್ಷ. ‘ನಮ್ಮ ಸೀಮ್ಯಾಗ ಯಾವ ದಿಕ್ಕಿಗೆ ಇಟ್ರೂ ಒಬ್ಬ ದೇವರು ಅದಾನಲೇ’ ಎಂದು ಪಂಪಾಪತಿ ತಲೆ ಕೆರೆದುಕೊಂಡ. ಕೊನೆಗೆ ನೆಲದ ಕಡೆ ಮುಖ ಮಾಡಿ, ಡಬ್ಬಿಯನ್ನು ಅವನ ಕಾಲ ಬಳಿ ನಿಲ್ಲಿಸಿದೆವು. ಊರ ಹೊರಗಿನ ಮೊದಲ ಹಂಪ್ ಬಂತು. ನಾನು ಎಷ್ಟು ಮೆಲ್ಲಗೆ ಹತ್ತಿಸಿದರೂ ಕಾರು ಒಮ್ಮೆ ಕುಲುಕಿತು. ಡಬ್ಬಿಯೊಳಗೆ ಅಕ್ಕಿ ಸರ್ ಎಂದು ಸರಿದ ಸದ್ದು. ಪಂಪಾಪತಿ ಎರಡೂ ಕಾಲನ್ನು ಸೀಟಿನ ಮೇಲೆ ಎಳೆದುಕೊಂಡು, ‘ನಿಲ್ಸು, ನಿಲ್ಸು! ನಾ ಬಸ್ಸಿಗೆ ಬರ್ತೀನಿ, ನೀ ಮುಂದ ನಡಿ’ ಎಂದು ಇಳಿದೇಬಿಟ್ಟ. ಹೊಸಪೇಟೆಯವರೆಗೆ ಇನ್ನೆಷ್ಟು ಹಂಪುಗಳಿವೆ ಎಂದು ನೆನೆಸಿಕೊಂಡೆ. ಕಾರು ತಿರುಗಿಸಿ ಮನೆಗೆ ಬಂದು, ಡಬ್ಬಿಯನ್ನು ಹಾಗೆಯೇ ಅಲಮಾರಿಯಲ್ಲಿಟ್ಟು ಕೀಲಿ ಹಾಕಿದೆ.

ಮರುದಿನ ನೀಲಾ ಕಿಟಾರನೆ ಕೂಗಿದಳು. ಕಿಟಕಿಯಿಂದ ಅಲಮಾರಿಯವರೆಗೆ ಕೆಂಪಿರುವೆಯ ಸಾಲು. ಸೀದಾ ಅಲಮಾರಿಯ ಸಂದಿಯೊಳಗೆ ಹೋಗಿ, ಡಬ್ಬಿಯ ಮುಚ್ಚಳದ ಕೆಳಗೆ ನುಸುಳುತ್ತಿದ್ದವು. ಅಕ್ಕಿಗೆ ಇರುವೆ ಹತ್ತುವುದನ್ನು ನಾನು ನೋಡಿಲ್ಲ. ಮುಚ್ಚಳ ತೆಗೆದೆ. ಅವುಗಳಿಗೆ ಅಕ್ಕಿಯ ಕಡೆ ಲಕ್ಷ್ಯವೇ ಇಲ್ಲ. ರಿವಾಲ್ವರಿನ ಗಾಲಿಯ ಸುತ್ತ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ನಾನು ಗಾಬರಿಯಿಂದ ಅವ್ವನನ್ನು ಕರೆದೆ. ಅವಳಿಗೆ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ.

‘ಹತ್ತದ ಇರ್ತಾವೇನಪ್ಪ? ಪಂಚಾಮೃತ ಅಭಿಷೇಕ ಮಾಡೀನಿ. ಹಾಲು, ಮೊಸರು, ತುಪ್ಪ, ಸಕ್ಕರಿ, ಜೇನುತುಪ್ಪ. ರೂಪಾ ಸಂಡೂರಿಂದ ತಂದಿದ್ಲಲ್ಲ, ಅಪ್ಪಟ ಕಾಡಿನ ಜೇನು, ಅದನ್ನ ಹಾಕೀನಿ.’

‘ಯವ್ವ! ಅದರಾಗ ಜೇನುತುಪ್ಪ ಹಾಕಿದ್ರ ಹೆಂಗ ತಿರುಗತೈತಿ?’

‘ಲಿಂಗಕ್ಕ ದಿನಾ ಹಾಕ್ತೀವಿ, ಏನರ ಕೆಟ್ಟೈತೇನು? ಮಾಲೇ ಸುಮಾರೈತಿ. ವಾಪಸ್ ಕೊಟ್ಟು ಬಾ.’

ಇನ್ನು ವಾಪಸ್ ಕೊಡುವ ಮಾತೆಲ್ಲಿ? ನಾನೇ ಬಾಯಿಗೆ ಬಂದಂತೆ ಬೈದಿದ್ದ ಅಂಗಡಿಯವನ ಮುಂದೆ ಹಾಲು ತುಪ್ಪದ ರಿವಾಲ್ವರು ಇಟ್ಟು ಏನೆಂದು ಹೇಳಲಿ? ಅವನು ನಗುತ್ತಾನೆ. ಹೊಸಪೇಟೆಯ ಮಾರುಕಟ್ಟೆಯೆಲ್ಲ ನಗುತ್ತದೆ. ಅಕ್ಕಿ ಕೊಳ್ಳಲು ಬರುವವರೂ ‘ಇದಕ್ಕೂ ಅಭಿಷೇಕ ಆಗೈತೇನ್ರಿ?’ ಎಂದು ಕೇಳಲು ಶುರುಮಾಡುತ್ತಾರೆ. ಕಿಟಕಿಯ ಕಡೆ ತಿರುಗಿ ನಿಂತೆ. ಅಂಗಡಿಗೆ ಹೋದರೆ ಮಾನ ಹೋಗುತ್ತದೆ, ಕೈ ಹಚ್ಚಿದರೆ ಜೀವ ಹೋಗುತ್ತದೆ, ಸುಮ್ಮನಿದ್ದರೆ ಚಿನ್ನಿ ಬರುವುದಿಲ್ಲ. ನನ್ನಷ್ಟಕ್ಕೆ ಬಿಟ್ಟಿದ್ದರೆ ನಾನು ಇವತ್ತಿಗೂ ಅಲ್ಲೇ ನಿಂತಿರುತ್ತಿದ್ದೆ.

ನನ್ನನ್ನು ಕಾಪಾಡಿದ್ದು ಚುನಾವಣೆ. ಅದರಿಂದ ಯಾರಿಗಾದರೂ ಉಪಕಾರವಾದದ್ದು ನನಗೆ ಗೊತ್ತಿರುವಂತೆ ಇದೇ ಮೊದಲು. ನೀತಿಸಂಹಿತೆ ಬಂತು, ಲೈಸೆನ್ಸ್ ಇರುವ ಎಲ್ಲರೂ ಆಯುಧಗಳನ್ನು ಠಾಣೆಗೆ ತಂದು ಒಪ್ಪಿಸಬೇಕು ಎಂದು ಫೋನು ಬಂತು. ಉಳಿದವರು ಗೊಣಗುತ್ತಾರೆ. ನಾನು ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟೆ. ಕಾರು ಬೇಡವೆಂದು ನಡೆದೇ ಹೋದೆ. ದಾರಿಯಲ್ಲಿ ಸಿಕ್ಕವರು ‘ಏನ್ರಿ ಸಾಹುಕಾರ್ರೆ, ಅಕ್ಕಿ ಹೊತ್ಕೊಂಡು ಎಲ್ಲಿಗೆ?’ ಎಂದು ಕೇಳಿದರೆ, ‘ಸ್ಯಾಂಪಲ್’ ಎಂದೆ.

ಠಾಣೆಯಲ್ಲಿ ಹೊಸದಾಗಿ ಬಂದ ಹೆಣ್ಣುಮಗಳು ಸಬ್‌ಇನ್ಸ್‌ಪೆಕ್ಟರ್. ನನ್ನ ಮಗಳ ವಯಸ್ಸು. ಡಬ್ಬಿ ನೋಡಿ ಹುಬ್ಬು ಏರಿಸಿದರು.

‘ಸಾಹುಕಾರ್ರೆ, ಚುನಾವಣೆ ಟೈಮಿನಾಗ ಪೊಲೀಸರಿಗೆ ಅಕ್ಕಿ ತಂದ್ರ ಲಂಚ ಅಂತಾರ್ರಿ. ತಗೊಂಡು ಹೋಗ್ರಿ.’

‘ಅಕ್ಕಿ ಅಲ್ರಿ ಮೇಡಂ, ಒಳಗ ರಿವಾಲ್ವರ್ ಐತಿ. ರಿವಾಲ್ವರಿನೊಳಗ ಗುಂಡು ಐತಿ. ಗುಂಡಿನ ಸುತ್ತ ಪಂಚಾಮೃತ ಐತಿ.’

ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಅಷ್ಟು ದಿನ ಯಾರಿಗೂ ಹೇಳಲಾಗದೆ ಒದ್ದಾಡಿದ್ದು ಪೊಲೀಸರ ಮುಂದೆ ತಾನಾಗಿ ಬಂತು. ಪಕ್ಕದಲ್ಲಿ ಬರೆಯುತ್ತಿದ್ದ ಪೇದೆ ಪೆನ್ನು ಬಿಟ್ಟು ಬಾಗಿಲ ಆಚೆ ಹೋಗಿ ನಿಂತ. ಮೇಡಂ ನಗಲಿಲ್ಲ. ಡಬ್ಬಿಯನ್ನು ಯಾರೂ ಮುಟ್ಟದಂತೆ ಹೇಳಿ, ಬಳ್ಳಾರಿಗೆ ಫೋನು ಮಾಡಿ, ಆಯುಧಗಳ ಕೆಲಸ ಗೊತ್ತಿರುವ ಪೊಲೀಸರೊಬ್ಬರನ್ನು ಕರೆಸಿದರು. ಅವರು ಬಂದು ಡಬ್ಬಿಯನ್ನು ಹಿತ್ತಲಿಗೆ, ಹಿಡಿದು ತಂದ ಮರಳಿನ ಟ್ರ್ಯಾಕ್ಟರುಗಳ ಆಚೆಗೆ ಒಯ್ದರು. ನಾನು ಬೆಂಚಿನ ಮೇಲೆ ಕೂತು ಯಾವ ದೇವರಿಗೆ ಏನು ಹರಕೆ ಹೊರಲಿ ಎಂದು ಲೆಕ್ಕ ಹಾಕುತ್ತಿದ್ದೆ. ಯಾವ ಸದ್ದೂ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಅವರು ಒಂದು ಕಾಗದದ ಮೇಲೆ ಗುಂಡನ್ನು ಇಟ್ಟುಕೊಂಡು ಬಂದು, ‘ಮೇಡಂ, ಗುಂಡಿಗೆ ಸಕ್ಕರಿ ಹತ್ತೈತ್ರಿ’ ಎಂದರು. ಆಗ ನಕ್ಕರು ನೋಡಿ ಮೇಡಂ. ಠಾಣೆಯೆಲ್ಲ ನಕ್ಕಿತು. ಆಮೇಲೆ ನಗು ನಿಲ್ಲಿಸಿ, ‘ಮನ್ಯಾಗ ಸಣ್ಣ ಮಕ್ಕಳು ಅದಾರೇನ್ರಿ?’ ಎಂದು ಕೇಳಿದರು. ಚಿನ್ನಿ ಅಲಮಾರಿಯ ಬಾಗಿಲು ಎಳೆಯುವುದು ಕಣ್ಣಮುಂದೆ ಬಂತು. ಚುನಾವಣೆ ಮುಗಿದ ಮೇಲೂ ಅದು ನನಗೆ ಬೇಡ, ಲೈಸೆನ್ಸೂ ಬೇಡ, ಎರಡನ್ನೂ ಒಪ್ಪಿಸಿಬಿಡುತ್ತೇನೆ ಎಂದೆ. ಏನು ಮಾಡಬೇಕೆಂದು ಅವರೇ ಹೇಳಿಕೊಟ್ಟರು. ಬರಿ ಅಕ್ಕಿ ಡಬ್ಬಿ ಹಿಡಿದು ಹೊರಗೆ ಬಂದಾಗ ಮೈ ಎಷ್ಟು ಹಗುರಾಗಿತ್ತೆಂದರೆ, ಎದುರಿಗೆ ಬಂದವರಿಗೆಲ್ಲ ನಾನೇ ಮೊದಲು ನಮಸ್ಕಾರ ಮಾಡುತ್ತ ಮನೆ ತಲುಪಿದೆ.

ದೀಪಾವಳಿಗೆ ಚಿನ್ನಿ ಬಂತು. ಬಂದದ್ದೇ ಅಲಮಾರಿಯ ಬಾಗಿಲು ಎಳೆದು ನೀಲಾಳ ಸೀರೆಗಳನ್ನೆಲ್ಲ ನೆಲಕ್ಕೆ ಹಾಕಿ, ಅವುಗಳ ನಡುವೆ ಕೂತು ಚಪ್ಪಾಳೆ ತಟ್ಟಿತು. ನಾನೂ ಅದರ ಎದುರು ಕೂತೆ. ಲಾಕರಿನ ಬಾಗಿಲು ಹಾರು ಹೊಡೆದಿತ್ತು, ಒಳಗೆ ಏನೂ ಇರಲಿಲ್ಲ. ಬರಿದಾದ ಲಾಕರು ಇಷ್ಟು ಚೆಂದ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂದದ್ದನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಆಗಲೇ ಫೋನು ಬಂತು. ಹೊಸಪೇಟೆಯ ಅಂಗಡಿಯವನು.

‘ಏನ್ರಿ ಸಾಹುಕಾರ್ರೆ, ಮಾಲ್ ತಗೊಂಡ್ ಬರ್ರಿ ಅಂದಿದ್ದೆ, ಸುದ್ದೀನ ಇಲ್ಲ?’

ನಿಜ ಹೇಳಬಹುದಿತ್ತು. ಮನಸ್ಸು ಹಗುರಾಗಿತ್ತು, ಹಬ್ಬವಿತ್ತು, ಎದುರಿಗೆ ಮೊಮ್ಮಗಳಿದ್ದಳು. ಆದರೆ ನನ್ನ ಬಾಯಿಯ ವಿಷಯ ನಿಮಗೆ ಇಷ್ಟರಲ್ಲಿ ಗೊತ್ತಾಗಿರಬೇಕು.

‘ರಿಪೇರಿ ಆತ್ರಿ,’ ಎಂದೆ.

‘ಹೌದಾ? ಯಾರು ಮಾಡಿದ್ರು?’

‘ನಾನ ಮಾಡಿದೆ.’

ಅಡುಗೆಮನೆಯಲ್ಲಿ ಶೀಷೆ ಒಮ್ಮೆ ಗಲಗಲ ಎಂದಿತು. ಅತ್ತ ಅಂಗಡಿಯವನ ದನಿಯಲ್ಲಿ ಮಾತ್ರ ನಿಜವಾದ ಸಂತೋಷ.

‘ಭಾಳ ಚೊಲೋ ಆತು ನೋಡ್ರಿ! ಪ್ರತಿ ವರ್ಷ ಹಬ್ಬ ಆದಮ್ಯಾಲೆ ನನಗ ಇದ ಗೋಳು. ಈಗೂ ನಾಕು ಮಂದೀವು ಬಂದು ಕುಂತಾವು, ಒಂದರಾಗಂತೂ ಬಾಳೆಹಣ್ಣು ಸೈತ ಐತ್ರಿ. ಜೇನುತುಪ್ಪ ತಗಿಯೋದು ನಿಮಗ ಗೊತ್ತಾಗೈತಿ ಅಂದ್ಮ್ಯಾಲೆ, ಇವನ್ನೂ ನಿಮ್ಮ ಹತ್ರ ಕಳಸ್ಲೇನು?’

ನಾನು ಅವನಿಗೆ ಜೇನುತುಪ್ಪದ ಹೆಸರನ್ನೇ ಎತ್ತಿರಲಿಲ್ಲ. ಅವತ್ತು ಅವನು ಹಬ್ಬ ಜೋರಾಯಿತೇ ಎಂದು ಕೇಳಿದ್ದು ಕುಶಲಕ್ಕಲ್ಲ ಎಂಬುದು ಈಗ ತಲೆಗೆ ಹೋಯಿತು. ಗಂಟಲು ಕೆಮ್ಮಿ, ಸಿಗ್ನಲ್ ಇಲ್ಲ ಎಂದು ಕೂಗಿ, ಫೋನು ಇಟ್ಟೆ.

‘ಯಾರದಪ್ಪ ಫೋನು?’ ಎಂದು ಪಡಸಾಲೆಯಿಂದ ಅವ್ವ ಕೇಳಿದಳು.

‘ಯಾರಿಲ್ಲ ಯವ್ವ, ರಾಂಗ್ ನಂಬರ್,’ ಎಂದೆ.